ಮೂತಿ ಮುರಿದ ಪಿಪೆಟ್ಟು

ಹೆಂಗಸೊಬ್ಬಳು ನೆಲದ ಮೇಲೆ ಕಾಲು ಚಾಚಿ ಕುಳಿತು ನನ್ನ ಕತ್ತು ತಿಕ್ಕುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಹಳೆಯ ಬನಿಯನ್ನಿನ ಚೂರು. ಅದಕ್ಕೆ ಕಂದು ಬಣ್ಣ ಮೆತ್ತಿಕೊಂಡಿತ್ತು. ಗಾಜಿನಲ್ಲಿ ಕೊರೆದ ಕೂದಲೆಳೆಯಂಥ ಗೆರೆಯೊಳಗೆ ಬಣ್ಣ ಇಳಿಯುವ ತನಕ ತಿಕ್ಕುವುದು, ಆಚೀಚೆ ಹತ್ತಿದ್ದನ್ನು ಒಣಬಟ್ಟೆಯಿಂದ ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು, ಒಣಹುಲ್ಲಿನ ಮೇಲೆ ಮಲಗಿಸಿ ಇನ್ನೊಂದನ್ನು ಎತ್ತಿಕೊಳ್ಳುವುದು. ಪಕ್ಕದಲ್ಲಿ ಅವಳ ಅತ್ತೆಯೋ ನಾದಿನಿಯೋ ಅದೇ ಕೆಲಸ ಮಾಡುತ್ತಿದ್ದಳು. ಉತ್ತರದ ಯಾವುದೋ ಊರಿನ ಆ ಕೋಣೆಯಲ್ಲಿ ನಾನು ಕಣ್ಣು ಬಿಟ್ಟಾಗ ಕೇಳಿಸಿದ್ದು ಬಟ್ಟೆ ಗಾಜಿಗೆ ಉಜ್ಜುವ ಸದ್ದು ಮಾತ್ರ.

ನಾನು ಒಂದು ಪಿಪೆಟ್ಟು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ದ್ರಾವಣ ಅಳೆಯುವ ಗಾಜಿನ ಕೊಳವೆ. ನಡುವೆ ಉಬ್ಬಿದ ಹೊಟ್ಟೆ, ಮೇಲೆ ಉದ್ದನೆಯ ಕತ್ತು, ಕೆಳಗೆ ಸಣ್ಣಗಾಗುತ್ತ ಹೋಗುವ ಮೂತಿ. ಮೂತಿಯನ್ನು ದ್ರಾವಣದಲ್ಲಿ ಅದ್ದಿ ಮೇಲಿನ ತುದಿಗೆ ಬಾಯಿಟ್ಟು ಎಳೆದರೆ ದ್ರಾವಣ ನನ್ನೊಳಗೆ ಏರುತ್ತದೆ. ಕತ್ತಿನ ಗೆರೆ ದಾಟಿದ ಕೂಡಲೇ ಬಾಯಿ ತೆಗೆದು ತೋರುಬೆರಳಿನಿಂದ ಮುಚ್ಚಬೇಕು. ಬೆರಳನ್ನು ತುಸುವೇ ಸಡಿಲಿಸುತ್ತ ಗೆರೆಯ ಮಟ್ಟಕ್ಕೆ ಇಳಿಸಬೇಕು. ಆಗ ನಾನು ಕೊಡುವುದು ಹತ್ತು ಎಂಎಲ್. ಹೆಚ್ಚಿಲ್ಲ, ಕಡಿಮೆಯಿಲ್ಲ. ಎಲ್ಲ ಸುರಿದ ಮೇಲೂ ಮೂತಿಯಲ್ಲಿ ಒಂದು ಹನಿ ನಿಲ್ಲುತ್ತದೆ. ಅದನ್ನು ಊದಿ ಬೀಳಿಸಬಾರದು. ಅದು ಅಳತೆಗೆ ಸೇರಿದ್ದಲ್ಲ. ನನ್ನನ್ನು ಮಾಡಿದವರು ಆ ಒಂದು ಹನಿಯನ್ನು ನನ್ನ ಪಾಲಿಗೆ ಬಿಟ್ಟಿದ್ದರು.

ನನಗೆ ಬೇರೆ ಯಾವ ವಿದ್ಯೆಯೂ ಬರುವುದಿಲ್ಲ. ಹನಿಹನಿಯಾಗಿ ಬಿಡುವ ಬ್ಯುರೆಟ್ಟಿನ ಹಾಗೆ ಮೈತುಂಬ ಗೆರೆಗಳಿಲ್ಲ, ಬೀಕರಿನ ಹಾಗೆ ಬೆಂಕಿಯ ಮೇಲೆ ಕೂರಲಾರೆ. ಹತ್ತು ಅಂದರೆ ಹತ್ತು ಕೊಡುತ್ತೇನೆ ಅನ್ನುವ ಒಂದೇ ಗುಣದ ಮೇಲೆ ನನ್ನ ಬಾಳು ನಿಂತಿತ್ತು. ಅದು ಹೋದ ಮೇಲೂ ನಾನು ಬಾಳಿದೆ ಅನ್ನುವುದೇ ನನ್ನ ಕಥೆ.

ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ನಾವು ದಕ್ಷಿಣಕ್ಕೆ ಬಂದೆವು. ದಾರಿಯುದ್ದಕ್ಕೂ ಒಂದರ ಮೈ ಒಂದಕ್ಕೆ ತಾಗಿ ಕಿಣಿಕಿಣಿ ಅನ್ನುತ್ತಿತ್ತು. ಕೆಲವರು ದಾರಿಯಲ್ಲೇ ಒಡೆದು ಹೋದರು. ಮೈಸೂರಿನ ಅಂಗಡಿಯೊಂದರಲ್ಲಿ ಸ್ವಲ್ಪ ಕಾಲ ಧೂಳು ಹೊದ್ದು ಮಲಗಿದ್ದೆ. ಆಮೇಲೆ ಹೊಸಕಟ್ಟೆ ಅನ್ನುವ ಸಣ್ಣ ಪೇಟೆಯ ಹುಡುಗಿಯರ ಪಿಯು ಕಾಲೇಜಿಗೆ ಬಂದು ಸೇರಿದೆ.

ಅಲ್ಲಿನ ಪ್ರಯೋಗಶಾಲೆ ಉದ್ದನೆಯ ಕೋಣೆ. ಆಸಿಡ್ಡು ಬಿದ್ದು ಕಪ್ಪುಕಪ್ಪು ಕಲೆಯಾದ ಮೇಜುಗಳು, ಮೇಜಿನ ಕೊನೆಗೊಂದು ಸಿಂಕು, ಕೊಳೆತ ಮೊಟ್ಟೆಯ ವಾಸನೆ. ಅದನ್ನು ನೋಡಿಕೊಳ್ಳುತ್ತಿದ್ದವನು ಅಟೆಂಡರ್ ಮರಿಗೌಡ. ಬಾಯಿ ತುಂಬ ಮಾತು, ಕೈಯೂ ಜೋರು. ಗಾಜಿನ ಸಾಮಾನನ್ನು ಸೌತೆಕಾಯಿ ತೊಳೆದಂತೆ ತೊಳೆಯುತ್ತಿದ್ದ. ಪಾಠ ಮಾಡುತ್ತಿದ್ದವರು ಚನ್ನಕೇಶವ ಸಾರ್. ಅವರು ಯಾರಿಗೂ ಗದರಿದ್ದನ್ನು ನಾನು ನೋಡಿಲ್ಲ. ಹುಡುಗಿಯರನ್ನು ಅಮ್ಮ ಅಂತಲೇ ಕರೆಯುತ್ತಿದ್ದರು. ಯಾರ ಮನಸ್ಸಿಗೂ ನೋವಾಗಬಾರದು ಅನ್ನುವುದು ಅವರ ದೊಡ್ಡ ಆಸೆ. ಆ ಆಸೆ ಎಂಥ ಕೆಲಸ ಮಾಡಿಸುತ್ತದೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಬಾಯಿಂದ ಎಳೆಯುವುದು ಒಳ್ಳೆಯದಲ್ಲವೆಂದು ಪಿಪೆಟ್ಟಿಗೆ ಸಿಕ್ಕಿಸುವ ರಬ್ಬರ್ ಬಲ್ಬು ಬರುತ್ತದೆ. ನಮ್ಮಲ್ಲೂ ಇತ್ತು. ಬೀರುವಿನಲ್ಲೇ ಇದ್ದು ಇದ್ದು ಕಲ್ಲಾಗಿತ್ತು. ಹೀಗಾಗಿ ಹುಡುಗಿಯರೆಲ್ಲ ಬಾಯಲ್ಲೇ ಎಳೆಯುತ್ತಿದ್ದರು. ನನಗೆ ಅವರ ಮುಖಗಳು ಅಷ್ಟಾಗಿ ಗೊತ್ತಿಲ್ಲ, ಬಾಯಿಗಳು ಗೊತ್ತು. ಬೆಳಿಗ್ಗೆ ದೋಸೆ ತಿಂದು ಬಂದವಳು, ಏನೂ ತಿನ್ನದೆ ಬಂದವಳು, ಹಲ್ಲುನೋವಿಗೆ ಲವಂಗ ಅದುಮಿಕೊಂಡವಳು, ರಾತ್ರಿಯೆಲ್ಲ ಅತ್ತು ಬಂದವಳು. ಅತ್ತವರ ಉಸಿರು ಎಳೆಯುವಾಗ ನಡುವೆ ತಡೆಯುತ್ತದೆ, ದ್ರಾವಣ ಏರುತ್ತ ಏರುತ್ತ ನಿಂತುಬಿಡುತ್ತದೆ. ಒಬ್ಬಳು ಮುಗಿಸಿದ ಮೇಲೆ ನಲ್ಲಿಯ ಕೆಳಗೆ ಹಿಡಿದು ಇನ್ನೊಬ್ಬಳು ತೆಗೆದುಕೊಳ್ಳುತ್ತಿದ್ದಳು. ಅವಸರವಿದ್ದರೆ ಅದೂ ಇಲ್ಲ. ಲಂಗದ ಅಂಚಿಗೆ ಒರೆಸಿಕೊಂಡರೆ ಆಯಿತು. ಎಂಜಲು ಅನ್ನುವ ಮಾತು ಆ ಕೋಣೆಯಲ್ಲಿ ನಾನು ಕೇಳಿಯೇ ಇರಲಿಲ್ಲ.

ಒಂದು ದಿನ ಮರಿಗೌಡ ತೊಳೆಯುವಾಗ ನನ್ನ ಮೂತಿ ಹಿತ್ತಾಳೆ ನಲ್ಲಿಗೆ ತಾಗಿತು. ಟಿಕ್ ಅಂತ ಸದ್ದಾಯಿತು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ ಮುರಿದು ಸಿಂಕಿನಲ್ಲಿ ಬಿತ್ತು. ನೋವೆಂದರೆ ಏನು ಅಂತ ಗಾಜಿಗೆ ಗೊತ್ತಿಲ್ಲ ಅನ್ನುತ್ತಾರೆ. ಇರಬಹುದು. ಆದರೆ ಅಂದಿನಿಂದ ನನ್ನೊಳಗೆ ತುಂಬಿದ್ದು ಹೇಗೆ ಹೇಗೋ ಓಡಿ ಹೋಗತೊಡಗಿತು. ಮೊದಲಿನ ಹಾಗೆ ಸಮಾಧಾನವಾಗಿ ಇಳಿಯುತ್ತಿರಲಿಲ್ಲ.

ಮರಿಗೌಡ ಬರ್ನರ್ ಹಚ್ಚಿ ನನ್ನ ಚೂಪು ಅಂಚನ್ನು ಉರಿಗೆ ಹಿಡಿದು ದುಂಡಗೆ ಮಾಡಿದ. ಚನ್ನಕೇಶವ ಸಾರ್ ಬಂದು ನೋಡಿದರು. ಇದು ಇನ್ನು ಅಳತೆಗೆ ಬರುವುದಿಲ್ಲ ಮರಿಗೌಡ, ತುದಿಯಲ್ಲಿ ಹಿಡಿಯುತ್ತಿದ್ದದ್ದು ಹೋಯಿತಲ್ಲ, ಎಂದರು. ಎಸೆದುಬಿಡಲೇ ಎಂದು ಅವನು ಕೇಳಿದ. ಎಸೆದರೆ ಸ್ಟಾಕಿನಲ್ಲಿ ಕಡಿಮೆ ತೋರಿಸಬೇಕು, ಇರಲಿ, ಯಾವುದಕ್ಕಾದರೂ ಆಗುತ್ತದೆ ಎಂದು ಹೇಳಿ ಕೈ ತೊಳೆದುಕೊಂಡರು. ನಾನು ಡ್ರಾಯರಿನ ಒಳಗೆ ಹೋದೆ. ತುಕ್ಕು ಹಿಡಿದ ಇಕ್ಕಳ, ಕಾರ್ಕು, ಬತ್ತಿಯಿಲ್ಲದ ಸ್ಪಿರಿಟ್ ದೀಪ, ಇವುಗಳ ಜೊತೆ. ನನ್ನ ಬಾಳು ಅಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು.

ಕೆಲವು ವರ್ಷ ಕಳೆದ ಮೇಲೆ ರಾಜಮಣಿ ಅನ್ನುವ ಹುಡುಗಿ ವಿಜ್ಞಾನ ತೆಗೆದುಕೊಂಡು ಸೇರಿದಳು. ಪೇಟೆಯ ಕೆಳಗಿನ ಕೇರಿಯವಳು. ಆ ಕೇರಿಯಿಂದ ಆ ಕಾಲೇಜಿನ ವಿಜ್ಞಾನಕ್ಕೆ ಬಂದವರಲ್ಲಿ ಅವಳೇ ಮೊದಲು ಅಂತ ಮರಿಗೌಡ ಹೇಳುತ್ತಿದ್ದ. ಮೊದಲ ದಿನ ಎಲ್ಲರಂತೆ ಅವಳೂ ಮೇಜಿಗೆ ನಿಂತಳು, ಎಲ್ಲರಂತೆ ಪಿಪೆಟ್ಟಿಗೆ ಬಾಯಿಟ್ಟಳು. ಅದೇ ಮೇಜಿನಲ್ಲಿ ಹೇಮಲತಾ ಅನ್ನುವ ಹುಡುಗಿ ಇದ್ದಳು. ಅವಳ ಅಪ್ಪನಿಗೆ ಬಸ್‌ಸ್ಟ್ಯಾಂಡಿನ ಎದುರು ಬಟ್ಟೆ ಅಂಗಡಿ. ರಾಜಮಣಿ ಇಟ್ಟ ಪಿಪೆಟ್ಟನ್ನು ಹೇಮಲತಾ ಎತ್ತಿಕೊಳ್ಳಲಿಲ್ಲ. ಹೊಟ್ಟೆನೋವು ಅಂತ ಹೇಳಿ ಮನೆಗೆ ಹೋದಳು.

ಮಾರನೆಯ ದಿನ ಅವಳ ತಾಯಿ ಬಂದರು. ಡ್ರಾಯರ್ ಅರ್ಧ ತೆರೆದಿತ್ತು, ಮಾತೆಲ್ಲ ನನಗೆ ಕೇಳಿಸಿತು. ಆಕೆ ಕೂಗಾಡಲಿಲ್ಲ. ಮೆಲ್ಲಗೆ, ಮರ್ಯಾದೆಯಿಂದ ಮಾತಾಡಿದರು. ನಾವು ಯಾರನ್ನೂ ಏನೂ ಅನ್ನೋರಲ್ಲ, ಆ ಹುಡುಗಿಯೂ ಓದಲಿ, ಉದ್ಧಾರವಾಗಲಿ ಎಂದರು. ಆಮೇಲೆ ದನಿ ಇಳಿಸಿದರು.

"ಆದರೆ ಬಾಯಿಗಿಟ್ಟದ್ದನ್ನ ಬಾಯಿಗಿಡೋದು ಅಂದ್ರೆ ಹೆಂಗೆ ಸಾರ್? ನಮ್ಮತ್ತೆಯೋರಿಗೆ ಗೊತ್ತಾದ್ರೆ ಹುಡುಗೀನ ಕಾಲೇಜು ಬಿಡಿಸಿಬಿಡ್ತಾರೆ."

ಸಾರ್ ತಲೆ ತುರಿಸಿಕೊಂಡರು. ಆಯಿತಮ್ಮ, ನಾನು ನೋಡ್ಕೋತೀನಿ, ಎಂದರು. ಹೇಮಲತಾ ಮತ್ತು ಅವಳ ಗೆಳತಿಯರು ಒಬ್ಬರ ಎಂಜಲನ್ನು ಒಬ್ಬರು ಎಂದೂ ಎಣಿಸಿದವರಲ್ಲ, ಅರ್ಧ ಕಚ್ಚಿದ ಸೀಬೆಹಣ್ಣನ್ನು ಹಂಚಿಕೊಳ್ಳುತ್ತಿದ್ದರು. ಅದು ಸಾರಿಗೂ ಗೊತ್ತಿತ್ತು.

ಅವರು ಡ್ರಾಯರ್ ಎಳೆದರು. ನನ್ನನ್ನು ತೆಗೆದರು. ಮೂತಿಯ ಕಡೆ ಒಂದು ಸಲ ನೋಡಿದರು. ಬೇರೆ ಯಾವುದೂ ಮಿಕ್ಕಿರಲಿಲ್ಲ. ಹೊಸ ಪಿಪೆಟ್ಟುಗಳು ಇದ್ದದ್ದು ಬೀಗ ಹಾಕಿದ ಬೀರುವಿನಲ್ಲಿ, ಅವು ಪರೀಕ್ಷೆಗೆ ಅಂತ. ಮಧ್ಯಾಹ್ನ ಅವರೇ ನನ್ನನ್ನು ರಾಜಮಣಿಯ ಕೈಗೆ ಕೊಟ್ಟು, "ನಿನಗೇ ಅಂತ ಒಂದು ಬೇರೆ ಇದೆ ನೋಡಮ್ಮ, ಕಾಯೋ ಹಾಗಿಲ್ಲ, ಆರಾಮಾಗಿ ಮಾಡ್ಕೊ," ಎಂದರು. ಅವರ ದನಿಯಲ್ಲಿ ನಿಜವಾಗಿಯೂ ಪ್ರೀತಿಯಿತ್ತು. ಅದನ್ನು ನಾನು ಇಲ್ಲ ಅನ್ನಲಾರೆ.

ಪಕ್ಕದ ಮೇಜಿನಲ್ಲಿದ್ದ ಶಾಹಿದಾ ಅನ್ನುವ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಬೀಡಿ ಕಟ್ಟುವವರ ಮನೆಯವಳು, ನಗುಮೊಗ, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏ ರಾಜಿ, ನಿನಗೊಬ್ಬಳಿಗೇ ಒಂದು ಪಿಪೆಟ್ಟಾ? ನಾವಿಲ್ಲಿ ನಾಲ್ಕು ಜನ ಒಂದಕ್ಕೆ ಕಿತ್ತಾಡ್ತಿದೀವಿ. ಮಹಾರಾಣಿ ಕಣೆ ನೀನು."

ರಾಜಮಣಿ ನಕ್ಕಳು. ನಗುವಿನಲ್ಲೇ ಅವಳ ಬಾಯಿ ನನ್ನ ತುದಿಯನ್ನು ಹಿಡಿದಿತ್ತು, ತುಟಿ ತಣ್ಣಗಿತ್ತು. ಶಾಹಿದಾ ಆಚೀಚೆ ಮೇಜುಗಳನ್ನು ನೋಡಿದಳು, ಹೇಮಲತಾಳ ಬೆನ್ನು ನೋಡಿದಳು. ಆಮೇಲೆ ಅವಳು ಆ ಮಾತನ್ನು ಮತ್ತೆ ಆಡಲಿಲ್ಲ.

ಹೀಗೆ ನಾನು ರಾಜಮಣಿಯವಳಾದೆ. ನನ್ನ ಕತ್ತಿಗೆ ಮರಿಗೌಡ ಒಂದು ಕೆಂಪು ದಾರ ಕಟ್ಟಿದ, ಬೇರೆಯವುಗಳ ಜೊತೆ ಸೇರಬಾರದಲ್ಲ.

ಅವಳು ಕೆಲಸ ಮುಗಿಸಿ ನನ್ನನ್ನು ತೊಳೆಯುವಾಗ ಶಾಹಿದಾ ಜೊತೆ ಮಾತಾಡುತ್ತಿದ್ದಳು. ಅವಳ ತಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ. ರಕ್ತ ಪರೀಕ್ಷೆ ಮಾಡುವ ಕೋಣೆಯ ನೆಲ ಒರೆಸುವುದು ಆಕೆಯ ಕೆಲಸ. ಒರೆಸಿ ಹೊರಗೆ ಬಂದಮೇಲೆ ಬಾಗಿಲು ಹಾಕಿಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ರಾಜಮಣಿ ತಾಯಿಯ ಹಿಂದೆ ಹೋಗಿ ಆ ಬಾಗಿಲ ಗಾಜಿನಿಂದ ಒಳಗೆ ನೋಡುತ್ತಿದ್ದಳಂತೆ. ಬಿಳಿ ಕೋಟು ಹಾಕಿಕೊಂಡ ಒಬ್ಬಳು ಸ್ಟೂಲಿನ ಮೇಲೆ ಕುಳಿತು ಸಣ್ಣ ಕೊಳವೆಗಳಲ್ಲಿ ಏನೋ ತುಂಬುತ್ತ ಇರುತ್ತಿದ್ದಳಂತೆ. ಅಲ್ಲಿನ ಡಾಕ್ಟರು ತಾಯಿಗೆ ಮಾತು ಕೊಟ್ಟಿದ್ದರು. ಹುಡುಗಿ ಕೆಮಿಸ್ಟ್ರಿಯಲ್ಲಿ ಒಂದೇ ಸಲಕ್ಕೆ ಪಾಸಾಗಿ ಬರಲಿ, ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿಸುವ ಜವಾಬ್ದಾರಿ ನನ್ನದು ಅಂತ. ಆ ಡಾಕ್ಟರಿಗೆ ಮುಂದಿನ ವರ್ಷ ವರ್ಗವಾಗುವುದಿತ್ತು. ಆದ್ದರಿಂದ ಒಂದೇ ಸಲಕ್ಕೆ ಅನ್ನುವುದು ದೊಡ್ಡ ಮಾತು.

"ಆ ಸ್ಟೂಲು ಇನ್ನೂ ಅಲ್ಲೇ ಇದೆ ಕಣೆ," ಎಂದು ಒಂದು ದಿನ ಹೇಳಿದಳು. ಅಷ್ಟೇ ಹೇಳಿದಳು. ಅವಳ ಬೆರಳು ನನ್ನ ಕತ್ತಿನ ಮೇಲೆ ಇತ್ತು, ಬಿಸಿಯಾಗಿತ್ತು.

ಇನ್ನು ನಾನು ಅವಳಿಗೆ ಮಾಡಿದ್ದನ್ನು ಹೇಳಬೇಕು.

ಪ್ರಯೋಗ ಸರಳವಾದದ್ದು. ನಾನು ಅಳೆದು ಕೊಟ್ಟ ದ್ರಾವಣ ಕೆಳಗೆ ಫ್ಲಾಸ್ಕಿನಲ್ಲಿ. ಮೇಲೆ ಬ್ಯುರೆಟ್ಟಿನಲ್ಲಿ ನೇರಳೆ ಬಣ್ಣದ ಪರ್ಮಾಂಗನೇಟು. ಅದನ್ನು ಹನಿಹನಿಯಾಗಿ ಬಿಡುತ್ತ ಫ್ಲಾಸ್ಕನ್ನು ಅಲ್ಲಾಡಿಸುತ್ತ ಹೋದರೆ ಒಂದು ಹನಿಗೆ ಎಳೆಗುಲಾಬಿ ಬಣ್ಣ ಬಂದು ನಿಂತುಬಿಡುತ್ತದೆ. ಅಲ್ಲಿಗೆ ನಿಲ್ಲಿಸಿ ಬ್ಯುರೆಟ್ಟಿನ ರೀಡಿಂಗು ಬರೆದುಕೊಳ್ಳುವುದು. ಸರಿಯಾದ ರೀಡಿಂಗು ಸಾರಿಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಎಷ್ಟು ಹತ್ತಿರವೋ ಅಷ್ಟು ಮಾರ್ಕ್ಸು. ನಾನು ಹತ್ತು ಅಂತ ಹೇಳಿ ಹತ್ತಕ್ಕಿಂತ ಕಡಿಮೆ ಕೊಟ್ಟರೆ ಗುಲಾಬಿ ಬೇಗ ಬರುತ್ತದೆ, ರೀಡಿಂಗು ಕಡಿಮೆಯಾಗುತ್ತದೆ.

ರಾಜಮಣಿಗೆ ಪ್ರತಿಸಲವೂ ಕಡಿಮೆ ಬಂತು. ಕಣ್ಣನ್ನು ಗೆರೆಯ ಮಟ್ಟಕ್ಕೆ ಇಟ್ಟು ನೋಡಮ್ಮ ಎಂದರು ಸಾರ್. ಅವಳು ಮೊಣಕಾಲೂರಿ ಕುಳಿತು ನೋಡಿದಳು. ಕಡಿಮೆ ಬಂತು. ಬೆರಳು ಒದ್ದೆ ಮಾಡ್ಕೋಬೇಡ ಎಂದರು. ಬೆರಳು ಒರೆಸಿಕೊಂಡಳು. ಕಡಿಮೆ ಬಂತು. ಹೇಮಲತಾ ಫ್ಲಾಸ್ಕನ್ನು ನೆಟ್ಟಗೆ ಅಲ್ಲಾಡಿಸುತ್ತಲೂ ಇರಲಿಲ್ಲ, ಆಗಾಗ ಕಿಟಕಿಯಾಚೆ ನೋಡುತ್ತ ಬ್ಯುರೆಟ್ಟಿನ ನಲ್ಲಿ ತಿರುಗಿಸುತ್ತಿದ್ದಳು. ಅವಳದು ಸರಿ ಬರುತ್ತಿತ್ತು. ನಿನ್ನ ಕೈಗೆ ಇನ್ನೂ ಹದ ಬಂದಿಲ್ಲ ರಾಜಮಣಿ, ಎಂದು ಸಾರ್ ಹೇಳಿದರು. ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಅವಳು ಅದನ್ನು ನಂಬಿದಳು. ಅದೇ ನನಗೆ ಸಹಿಸಲಾಗದ್ದು. ಮನೆಯಲ್ಲಿ ಕೂಡ ಯಾವುದಾದರೂ ಕೊಳವೆಯಲ್ಲಿ ನೀರೆಳೆದು ಬೆರಳು ಸಡಿಲಿಸುವುದನ್ನು ಅಭ್ಯಾಸ ಮಾಡುತ್ತಾಳೆ ಅಂತ ಶಾಹಿದಾ ನಗುತ್ತಿದ್ದಳು. ಕಣ್ಣು ತೋರಿಸಿಕೊಂಡು ಬಂದಳು. ಡಾಕ್ಟರು ಕಣ್ಣು ಸರಿಯಿದೆ ಎಂದರಂತೆ. ಅದನ್ನು ಹೇಳುವಾಗ ಅವಳಿಗೆ ಸಂತೋಷವಿರಲಿಲ್ಲ. ಕಣ್ಣು ಸರಿಯಿದ್ದ ಮೇಲೆ ಕೆಟ್ಟದ್ದು ತಾನೇ ಇರಬೇಕಲ್ಲ. ನನ್ನನ್ನು ಬಾಯಿಗಿಡುವಾಗ ಅವಳ ಉಸಿರು ಈಗ ನಡುನಡುವೆ ತಡೆಯುತ್ತಿತ್ತು. ನಾನು ಅವಳ ಹಲ್ಲಿಗೆ ಇಷ್ಟು ಹತ್ತಿರ ಇದ್ದು ಒಂದು ಮಾತು ಹೇಳಲಾರದೆ ಇದ್ದೆ.

ಒಂದು ಶನಿವಾರ ಅರ್ಧ ಹುಡುಗಿಯರು ಬಂದಿರಲಿಲ್ಲ, ಮದುವೆ ದಿನಗಳು. ಶಾಹಿದಾ ಮೇಜಿನಲ್ಲಿ ಅವಳೊಬ್ಬಳೇ. ಅವಳು ತನ್ನ ಪಿಪೆಟ್ಟನ್ನು ರಾಜಮಣಿಯ ಮುಂದಿಟ್ಟು, "ಇದರಲ್ಲಿ ಒಂದು ಸಲ ಮಾಡಿ ನೋಡು," ಎಂದಳು. ರಾಜಮಣಿ ಬಾಗಿಲ ಕಡೆ ನೋಡಿದಳು. ಆಮೇಲೆ ಎತ್ತಿಕೊಂಡಳು. ಸರಿಯಾದ ರೀಡಿಂಗೇ ಬಂತು. ಮತ್ತೆ ಮಾಡಿದಳು, ಮತ್ತೆ ಅದೇ ಬಂತು. ಶಾಹಿದಾ ನನ್ನನ್ನು ಎತ್ತಿ ತನ್ನ ಪಿಪೆಟ್ಟಿನ ಪಕ್ಕ ಹಿಡಿದಳು. ಗೆರೆಗೆ ಗೆರೆ ಸೇರಿಸಿದರೆ ನಾನು ಕೆಳಗೆ ಮೊಂಡಾಗಿದ್ದೆ.

"ಇದರ ಮೂತಿನೇ ಇಲ್ವಲ್ಲೇ ರಾಜಿ," ಎಂದಳು.

ರಾಜಮಣಿ ಅಳಲಿಲ್ಲ, ಬೈಯಲೂ ಇಲ್ಲ. ನನ್ನನ್ನು ತೊಳೆದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದಳು. ಸೋಮವಾರ ಸಾರ್ ಹತ್ತಿರ ಹೋಗಿ ಬೇರೆ ಪಿಪೆಟ್ಟು ಬೇಕೆಂದು ಕೇಳಿದಳು. ಮೂತಿ ಮುರಿದಿದೆ ಎಂದಳು. ಅವರು ನನ್ನನ್ನು ಕೈಗೆ ತೆಗೆದುಕೊಂಡು ಮೊದಲ ಸಲ ನೋಡಿದವರ ಹಾಗೆ ನೋಡಿದರು. ಹೌದಲ್ಲಮ್ಮ ಎಂದರು. ಪರೀಕ್ಷೆಗೆ ಎಲ್ಲರಿಗೂ ಹೊಸದು ತೆಗೆಸುತ್ತೇನೆ, ಅಲ್ಲಿಯ ತನಕ ಇದರಲ್ಲೇ ಕೈ ಪಳಗಿಸಿಕೋ ಎಂದರು. ಅವಳು ಹೂಂ ಅಂದಳು. ಸಾರ್ ಮಾತನ್ನು ಅವಳು ಪೂರ್ತಿ ನಂಬಿದಳೋ ಇಲ್ಲವೋ ನನಗೆ ತಿಳಿಯದು. ಯಾಕೆಂದರೆ ಅಂದಿನಿಂದ ಅವಳು ಹೊಸದೊಂದು ಕೆಲಸ ಶುರುಮಾಡಿದಳು.

ನನ್ನನ್ನು ಗೆರೆಯ ತನಕ ತುಂಬಿ ಫ್ಲಾಸ್ಕಿಗೆ ಸುರಿದ ಮೇಲೆ, ಮತ್ತೆ ಒಂದಿಷ್ಟು ದ್ರಾವಣವನ್ನು ಮೂತಿಯಲ್ಲಿ ಎತ್ತಿಕೊಂಡು ಕೆಲವು ಹನಿ ಸೇರಿಸುತ್ತಿದ್ದಳು. ಮೊದಲು ಹೆಚ್ಚಾಯಿತು, ಆಮೇಲೆ ಕಡಿಮೆಯಾಯಿತು. ಶಾಹಿದಾಳ ರೀಡಿಂಗಿಗೆ ಹೋಲಿಸಿ ಹೋಲಿಸಿ ಹದ ಹಿಡಿದಳು. ಕೊನೆಗೆ ಪ್ರತಿಸಲವೂ ಸರಿಯಾಗಿ ಬರತೊಡಗಿತು. ಸಿಂಕಿನಲ್ಲಿ ಬಿದ್ದು ಹೋದ ನನ್ನ ತುಂಡನ್ನು ಅವಳು ಹನಿಗಳಿಂದ ಮತ್ತೆ ಕಟ್ಟಿಕೊಟ್ಟಿದ್ದಳು. ನನ್ನನ್ನು ಮಾಡಿದವರ ಬಳಿ ತಕ್ಕಡಿ ಇತ್ತು, ಬೆಳಕಿತ್ತು. ಇವಳ ಬಳಿ ಬೆರಳ ತುದಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ಬಾಳಿನಲ್ಲಿ ಸಂತೋಷದ ದಿನಗಳು ಅಂತ ಇದ್ದರೆ ಅವೇ ಕೆಲವು ವಾರ. ನಾನು ಮತ್ತೆ ಹತ್ತು ಎಂಎಲ್ ಆಗಿದ್ದೆ.

ಪರೀಕ್ಷೆ ಬಂತು. ಸಾರ್ ಮಾತಿಗೆ ತಪ್ಪಲಿಲ್ಲ. ಬೀರು ತೆಗೆಸಿ ಹೊಸ ಪಿಪೆಟ್ಟುಗಳನ್ನು ಹೊರಗೆ ಇಡಿಸಿದರು. ಮೇಜುಗಳನ್ನು ಸಜ್ಜು ಮಾಡುವ ಕೆಲಸ ಮರಿಗೌಡನದು. ಪ್ರತಿಯೊಬ್ಬರ ಜಾಗಕ್ಕೂ ಬ್ಯುರೆಟ್ಟು, ಫ್ಲಾಸ್ಕು, ಹೊಸ ಪಿಪೆಟ್ಟು ಇಡುತ್ತ ಬಂದ. ರಾಜಮಣಿಯ ನಂಬರಿನ ಜಾಗಕ್ಕೆ ಬಂದಾಗ ಸ್ಟ್ಯಾಂಡಿನಿಂದ ಕೆಂಪು ದಾರದ ನನ್ನನ್ನು ಎತ್ತಿ ಇಟ್ಟ. ಹಾಗೆ ಮಾಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಮನಸ್ಸಿನಲ್ಲಿ ಕೇಡೂ ಇರಲಿಲ್ಲ. ಹಾಡಿಕೊಳ್ಳುತ್ತ ಇಟ್ಟ. ವರ್ಷವೆಲ್ಲ ಅವಳದು ಅದೇ ಆಗಿತ್ತಲ್ಲ, ಹೊಸದನ್ನು ಅವಳು ಬಾಯಿಗಿಟ್ಟರೆ ನಾಳೆ ಇನ್ನೊಬ್ಬಳು ಅದಕ್ಕೆ ಬಾಯಿಡಬೇಕಲ್ಲ.

ರಾಜಮಣಿ ಬಂದಳು. ನನ್ನನ್ನು ನೋಡಿ ನಿಂತಳು. ಸುತ್ತ ಮೇಜುಗಳಲ್ಲಿ ಹೊಸ ಗಾಜು ಬೆಳಗುತ್ತಿತ್ತು. ಅವಳು ಸಾರ್ ಇರುವ ಕಡೆ ನೋಡಿದಳು. ಅವರು ಬೇರೆ ಊರಿನಿಂದ ಬಂದಿದ್ದ ಪರೀಕ್ಷಕಿಗೆ ಕಾಫಿ ತರಿಸುವ ಗಡಿಬಿಡಿಯಲ್ಲಿದ್ದರು. ಇವಳ ಕಣ್ಣು ಸಾರ್ ಕಣ್ಣಿಗೆ ಒಂದು ಕ್ಷಣ ಸಿಕ್ಕಿತು. ಅವರು ನನ್ನನ್ನೂ ನೋಡಿದರು. ಆಮೇಲೆ ಬಿಸ್ಕತ್ತಿನ ತಟ್ಟೆ ಎತ್ತಿಕೊಂಡರು.

ಅವಳು ಕೇಳಲಿಲ್ಲ. ಕೇಳಬಹುದಿತ್ತು ಎಂದು ನೀವು ಅನ್ನಬಹುದು. ಎಲ್ಲರ ಎದುರು, ಹೇಮಲತಾಳ ಎದುರು, ನನಗೆ ಯಾಕೆ ಬೇರೆ ಅಂತ ಬಾಯಿಬಿಟ್ಟು ಕೇಳಿದರೆ, ಅದಕ್ಕೆ ಯಾರಾದರೂ ಬಾಯಿಬಿಟ್ಟು ಉತ್ತರ ಹೇಳಿಬಿಟ್ಟರೆ? ಆ ಉತ್ತರ ಕೇಳುವುದಕ್ಕಿಂತ ನನ್ನ ಜೊತೆ ಇರುವುದೇ ಅವಳಿಗೆ ಹಗುರ ಅನ್ನಿಸಿರಬೇಕು. ಅಲ್ಲದೆ ಅವಳಿಗೆ ಈಗ ಹದ ಗೊತ್ತಿತ್ತು.

ನನ್ನನ್ನು ತೊಳೆದಳು. ದ್ರಾವಣ ಎಳೆದಳು. ಉಸಿರು ಎಲ್ಲೂ ತಡೆಯಲಿಲ್ಲ. ಗೆರೆಗೆ ತಂದು ನಿಲ್ಲಿಸಿ ಫ್ಲಾಸ್ಕಿಗೆ ಸುರಿದಳು. ಮತ್ತೆ ಮೂತಿಯಲ್ಲಿ ಒಂದಿಷ್ಟು ಎತ್ತಿಕೊಂಡು ಹನಿಗಳನ್ನು ಬಿಟ್ಟಳು. ಕೊನೆಯ ಹನಿ ಬೀಳುವಾಗ ಅವಳ ಹಿಂದೆ ಪರೀಕ್ಷಕಿ ನಿಂತಿದ್ದರು.

"ಏನಮ್ಮ ಅದು? ಅಳತೆ ಮುಗಿದ ಮೇಲೆ ಮತ್ತೆ ಯಾಕೆ ಹಾಕಿದೆ?"

ರಾಜಮಣಿ ಎದ್ದು ನಿಂತಳು. "ಇದರ ಮೂತಿ ಒಡೆದಿದೆ ಮೇಡಂ. ಹತ್ತು ಕೊಡಲ್ಲ. ಕಡಿಮೆ ಬೀಳೋದನ್ನ ಹಾಕಿದೆ."

"ಎಷ್ಟು ಕಡಿಮೆ ಬೀಳುತ್ತೆ ಅಂತ ನಿನಗೆ ಹೇಗೆ ಗೊತ್ತು?"

"ಮಾಡಿ ಮಾಡಿ ನೋಡ್ಕೊಂಡಿದೀನಿ."

"ಅಂದರೆ ಉತ್ತರ ಎಷ್ಟು ಬರಬೇಕು ಅಂತ ಮೊದಲೇ ಗೊತ್ತು, ಅದಕ್ಕೆ ಹೊಂದೋ ಹಾಗೆ ಹನಿ ಹಾಕ್ತಿದೀಯ."

ರಾಜಮಣಿ ಅಲ್ಲ ಮೇಡಂ ಎಂದಳು. ಆದರೆ ಅಲ್ಲ ಅನ್ನುವುದನ್ನು ವಿವರಿಸಬೇಕಾದರೆ ಎಲ್ಲಿಂದ ಶುರುಮಾಡಬೇಕು? ಹೇಮಲತಾಳ ಹೊಟ್ಟೆನೋವಿನಿಂದ ಶುರುಮಾಡಬೇಕು. ಪರೀಕ್ಷಕಿ ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಅವರಿಗೆ ಕಂಡದ್ದನ್ನು ಅವರು ನೋಡಿದರು. ಚನ್ನಕೇಶವ ಸಾರ್ ಕಡೆ ತಿರುಗಿ ಕೇಳಿದರು.

"ಏನ್ ಸಾರ್, ನಿಮ್ಮಲ್ಲಿ ಹೀಗೆ ಹೇಳಿಕೊಡ್ತೀರಾ?"

ಸಾರ್ ಹತ್ತಿರ ಬಂದರು. ನನ್ನನ್ನು ನೋಡಿದರು, ಕೆಂಪು ದಾರವನ್ನು ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಇನ್ನೊಂದು ಮಾತು ಬರುತ್ತಿತ್ತು, ಎಲ್ಲರಿಗೂ ಹೊಸದು, ಈ ಹುಡುಗಿಗೆ ಯಾಕೆ ಮುರಿದದ್ದು, ಅಂತ.

"ಇಲ್ಲ ಮೇಡಂ," ಎಂದರು. "ಹೀಗೆ ನಾನು ಹೇಳಿಕೊಟ್ಟಿಲ್ಲ."

ಅದು ನಿಜವೇ. ಅವರು ಹೇಳಿಕೊಟ್ಟಿರಲಿಲ್ಲ.

ಪರೀಕ್ಷಕಿ ಫ್ಲಾಸ್ಕಿನಲ್ಲಿದ್ದದ್ದನ್ನು ಸಿಂಕಿಗೆ ಚೆಲ್ಲಿದರು. ಆ ಪ್ರಯೋಗಕ್ಕೆ ಅಡ್ಡಗೆರೆ ಎಳೆದರು. ಶಾಹಿದಾ ತನ್ನ ಮೇಜಿನಿಂದ ಏನೋ ಹೇಳಲು ಎದ್ದಳು, ನಿನ್ನ ಕೆಲಸ ನೋಡ್ಕೋ ಎಂದು ಅವಳನ್ನು ಕೂರಿಸಿದರು. ರಾಜಮಣಿ ಉಳಿದ ಪ್ರಶ್ನೆಗಳನ್ನು ಬರೆದಳಂತೆ, ಬಾಯಿಪ್ರಶ್ನೆಗೂ ನಿಂತಳಂತೆ. ಹೋಗುವ ಮುಂಚೆ ನನ್ನನ್ನು ತೊಳೆದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದಳು.

ಕೆಮಿಸ್ಟ್ರಿಯಲ್ಲಿ ಅವಳು ಫೇಲಾದಳು. ಆ ಪ್ರಯೋಗದ ಮಾರ್ಕ್ಸು ಬಂದಿದ್ದರೆ ದಾಟುತ್ತಿದ್ದಳು ಅಂತ ಶಾಹಿದಾ ಲೆಕ್ಕ ಹಾಕಿ ಮರಿಗೌಡನಿಗೆ ಹೇಳುತ್ತಿದ್ದಳು. ಮರಿಗೌಡ, ಪಾಪ ಕಣವ್ವ, ಒಳ್ಳೆ ಹುಡುಗಿ, ಎಂದ. ಮತ್ತೆ ಪರೀಕ್ಷೆಗೆ ಕಟ್ಟಬಹುದಲ್ಲ ಎಂದ. ಆ ಹೊತ್ತಿಗೆ ಆಸ್ಪತ್ರೆಯ ಡಾಕ್ಟರಿಗೆ ವರ್ಗವಾಗಿತ್ತು.

ಬೇಸಿಗೆಯಲ್ಲಿ ಸ್ಟಾಕು ನೋಡುವಾಗ ಸಾರ್ ನನ್ನನ್ನು ಎತ್ತಿ, ಇದನ್ನು ತೆಗೆದುಬಿಡು ಮರಿಗೌಡ, ಎಂದರು. ಈ ಸಲ ಸ್ಟಾಕಿನ ಮಾತು ಬರಲಿಲ್ಲ. ಅವನು ದಾರ ಬಿಚ್ಚಿ, ಸಿಂಕಿನ ಕೆಳಗಿನ ತಗಡಿನ ಡಬ್ಬಕ್ಕೆ ನನ್ನನ್ನು ಹಾಕಿದ. ಒಡೆದ ಗಾಜಿನ ಡಬ್ಬ ಅದು. ಬಿರಿದ ಬೀಕರುಗಳು, ತಳ ಹಾರಿದ ಟೆಸ್ಟ್‌ಟ್ಯೂಬುಗಳು, ಎಲ್ಲ ಅಲ್ಲಿದ್ದವು. ಅಲ್ಲಿ ಯಾರೂ ಯಾರನ್ನೂ ಅಳೆಯುತ್ತಿರಲಿಲ್ಲ. ನಲ್ಲಿ ಸೋರಿದರೆ ಮೇಲಿಂದ ಹನಿ ಬೀಳುತ್ತಿತ್ತು, ನನ್ನ ಹೊಟ್ಟೆಯೊಳಗೆ ಸ್ವಲ್ಪ ನಿಲ್ಲುತ್ತಿತ್ತು, ಒಣಗುತ್ತಿತ್ತು. ಮುರಿದ ವಸ್ತುವನ್ನು ಎಸೆಯಲು ಮನುಷ್ಯರು ಎಷ್ಟು ತಡ ಮಾಡುತ್ತಾರೆ ಅಂತ ನಾನು ಯೋಚಿಸುತ್ತೇನೆ. ಮುರಿದದ್ದನ್ನು ಎಸೆಯದೆ ಇಟ್ಟುಕೊಳ್ಳುವುದು ಉಳಿತಾಯ ಅಂದುಕೊಳ್ಳುತ್ತಾರೆ. ಅದು ಯಾರ ಕೈಗೆ ಹೋಗುತ್ತದೆ ಅನ್ನುವುದು ಅವರಿಗೆ ಮೊದಲೇ ಗೊತ್ತಿರುತ್ತದೆ. ನಾನು ಕಡಿಮೆ ಕೊಟ್ಟೆ, ಅವಳು ತುಂಬಿಕೊಟ್ಟಳು, ಕಳ್ಳಿ ಅನ್ನಿಸಿಕೊಂಡವಳು ಅವಳು. ಇದರಲ್ಲಿ ನನಗೆ ಯಾವ ಸಮಾಧಾನವೂ ಸಿಗುತ್ತಿಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಅವಳು ಬಂದಳು. ಟಿಸಿ ತೆಗೆದುಕೊಳ್ಳಲು. ಟಿಸಿ ಕೊಡಬೇಕಾದರೆ ಗಾಜಿನ ಸಾಮಾನು ಏನೂ ಬಾಕಿಯಿಲ್ಲ ಅಂತ ಕೆಮಿಸ್ಟ್ರಿಯವರ ಸಹಿ ಬೇಕು. ತಾಯಿಯ ಜೊತೆ ಆಸ್ಪತ್ರೆ ಕೆಲಸಕ್ಕೆ ಹೋಗುತ್ತಿದ್ದಾಳೆ ಅಂತ ಮರಿಗೌಡ ಸಾರಿಗೆ ಮೆಲ್ಲಗೆ ಹೇಳಿದ. ಅವಳ ಕೈಯಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ಬಾಗಿಲ ಹತ್ತಿರವೇ ನಿಂತಿದ್ದಳು. ಸಾರ್ ಒಳಗೆ ಬಾಮ್ಮ ಎಂದರು, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದರು, ಓದದೆಯೇ ಸಹಿ ಹಾಕಿದರು. ಅವಳು ಕಾಗದ ತೆಗೆದುಕೊಂಡು ಮಡಿಸಿದಳು. ಹೊರಡಲಿಲ್ಲ. ಸಿಂಕಿನ ಕೆಳಗೆ ನೋಡಿದಳು, ಬಂದು ಬಗ್ಗಿ ಡಬ್ಬದಿಂದ ನನ್ನನ್ನು ತೆಗೆದು ಅವರ ಮೇಜಿನ ಮೇಲೆ ಇಟ್ಟಳು. ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ ಇತ್ತು.

"ಸಾರ್, ಮಾರ್ಕ್ಸಿಗೆ ಕೇಳ್ತಿಲ್ಲ. ಹತ್ತು ಎಂಎಲ್ ನೀರು ಹತ್ತು ಗ್ರಾಂ ತೂಗಬೇಕು ಅಂತ ನೀವೇ ಹೇಳಿದ್ದಿರಿ. ಇದರಲ್ಲಿ ಒಂದು ಸಲ ನೀರು ತುಂಬಿ ತೂಗಿ ನೋಡಿ ಸಾರ್."

ಮರಿಗೌಡ ಕಿಟಕಿ ಹಾಕಲು ಹೋದ. ಸಾರ್ ಪೆನ್ನಿನ ಮುಚ್ಚಳ ಹಾಕಿ, ಅದನ್ನು ಜೇಬಿಗೆ ಸಿಕ್ಕಿಸಿ, ತಕ್ಕಡಿಯ ಪೆಟ್ಟಿಗೆ ತೆರೆಯದೆ, ಮೇಜಿನ ಮೇಲಿದ್ದ ತಮ್ಮ ಕೈಯನ್ನು ನೋಡುತ್ತ ಕುಳಿತರು.